ಹಿಟ್ಟಿಲ್ಲ, ಹುಳುವಿಲ್ಲ: ಕೆರೆ ಗೆಂಡೆ ಫ್ಲೈಗೆ ಬಿದ್ದ ಕತೆ

ನಮ್ಮ ಕೆರೆ ಏರಿ ಮೇಲೆ ನನಗೆ ‘ಚಾಟಿ ಸಾರ್’ ಅಂತ ಹೆಸರು ಬಿದ್ದು ಎರಡು ವರ್ಷ ದಾಟಿತು. ಫ್ಲೈ ಅಂದರೆ ಹುಕ್ಕಿಗೆ ಪುಕ್ಕ, ಉಣ್ಣೆ ಕಟ್ಟಿ ಮಾಡಿದ ನಕಲಿ ತಿಂಡಿ; ಅದಕ್ಕೆ ಭಾರವಿಲ್ಲ, ದಪ್ಪ ಲೈನನ್ನೇ ಚಾಟಿ ಥರ ಬೀಸಿ ಎಸೀಬೇಕು. ಮೊದಲ ದಿನ ಫ್ಲೈ ರಾಡ್ ಹಿಡಿದು ಲೈನನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದಾಗ, ಎಮ್ಮೆ ಮೈ ತೊಳೆಯಲು ಬಂದಿದ್ದ ಅಜ್ಜರೊಬ್ಬರು ಸುಮಾರು ಹೊತ್ತು ನಿಂತು ನೋಡಿ, “ಅಲ್ಲ ಸ್ವಾಮಿ, ನೀರ್ಗೆ ಯಾಕಂಗೆ ಹೊಡೀತಾ ಇದೀರಿ? ಅದೇನ್ ಮಾಡ್ತು ನಿಮ್ಗೆ?” ಅಂದರು. ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ಅಜ್ಜರದ್ದು ತಮಾಷೆ, ಬಿಡಿ. ಬೇಜಾರಾಗಿದ್ದು ನಮ್ಮ ಗಾಳದವರ ಮಾತಿಗೆ. ಹದಿನೈದು ವರ್ಷ ಅವರ ಪಕ್ಕದಲ್ಲೇ ಕೂತು ಮೈದಾ, ಕಡಲೆಕಾಯಿ ಹಿಂಡಿ, ಏಲಕ್ಕಿ ಪುಡಿ ಕಲಸಿದವನು ನಾನು. “ಗೆಂಡೆ ವಾಸನೆ ಹಿಡಿದು ಬರೋ ಮೀನು. ಕೋಳಿ ಪುಕ್ಕದಲ್ಲಿ ಏನಿದೆ ಅಂತ ಬರುತ್ತೆ?” ಅನ್ನೋದು ಒಬ್ಬರ ವಾದ. ಇನ್ನೊಬ್ಬರು ಸ್ವಲ್ಪ ಓದಿಕೊಂಡವರು. ಫಾರಿನ್‌ನಲ್ಲಿ ಹಿಡೀತಾರೆ ನಿಜ, ಆದರೆ ನಮ್ಮ ಗೆಂಡೆನೇ ಬೇರೆ ಅಂದರು. ಬೇರೆ ಎಂಥದೂ ಅಲ್ಲ. 1939ರಲ್ಲಿ ಶ್ರೀಲಂಕಾದಿಂದ ಊಟಿಗೆ ತಂದ ಕನ್ನಡಿ ಗೆಂಡೆಯಾಗಲಿ, 1957ರಲ್ಲಿ ಬ್ಯಾಂಕಾಕಿನಿಂದ ಬಂದು ಬಯಲುಸೀಮೆ ಕೆರೆಗಳಲ್ಲೆಲ್ಲ ತುಂಬಿಕೊಂಡ ಗೆಂಡೆಯಾಗಲಿ, ಜಾತಿ ಒಂದೇ. ಅಲ್ಲಿ ಪುಕ್ಕ ತಿನ್ನೋ ಮೀನು ಇಲ್ಲಿ ಮಾತ್ರ ವ್ರತ ಹಿಡಿಯುತ್ತಾ?

ಈ ಸಲ ಸಂಕ್ರಾಂತಿಯಿಂದ ಯುಗಾದಿವರೆಗೆ ಫ್ಲೈಗೆ ಬಿದ್ದ ಗೆಂಡೆ ಮೂವತ್ತೊಂದೋ ಮೂವತ್ತೆರಡೋ. ದೊಡ್ಡದು ನಾಲ್ಕೂವರೆ ಕೆಜಿ ತೂಗಿತು. ಸ್ಪ್ರಿಂಗ್ ತಕ್ಕಡಿ ಹಳೇದು, ನೂರಿನ್ನೂರು ಗ್ರಾಂ ಆ ಕಡೆ ಈ ಕಡೆ ಇರಬಹುದು. ಜಿಲೇಬಿ (ತಿಲಾಪಿಯಾ) ಮೀನಿನ ಲೆಕ್ಕ ಇಟ್ಟಿಲ್ಲ. ಅದೇ ದಿನಗಳಲ್ಲಿ ಹಿಟ್ಟಿನವರಿಗೆ ನನಗಿಂತ ಜಾಸ್ತಿ ಬಿದ್ದಿರಬಹುದು, ಇಲ್ಲ ಅನ್ನಲ್ಲ. ಆದರೆ ನಾಲ್ಕೂವರೆ ಕೆಜಿಯದು ಅವರ್ಯಾರಿಗೂ ಬೀಳಲಿಲ್ಲ.

ಕೆರೆ ತುಮಕೂರು-ಹಾಸನ ಗಡಿ ಕಡೆಯದು. ಹೆಸರು ಕೇಳಬೇಡಿ. ತುಂಬಿದಾಗ ಐವತ್ತು ಅರವತ್ತು ಎಕರೆ ನೀರು, ಮಾರ್ಚಿಗೆ ಅರ್ಧ. ಮೀನಿನ ಗುತ್ತಿಗೆ ಹಿಡಿದವರು ಮೊದಮೊದಲು ದಿನಕ್ಕೆ ಇನ್ನೂರು ಕೇಳುತ್ತಿದ್ದರು, ಹಿಡಿದ ಮೀನು ಬೇಕಾದರೆ ಕೆಜಿ ಲೆಕ್ಕ ಬೇರೆ. ಆರು ತಿಂಗಳು ಬರಿಗೈಯಲ್ಲಿ ವಾಪಸ್ ಹೋಗೋದನ್ನ ನೋಡಿ ಅವರಿಗೇ ಅಯ್ಯೋ ಅನಿಸಿರಬೇಕು. “ತಿಂಗಳಿಗೆ ಸಾವಿರ ಕೊಟ್ಬಿಡಿ ಸಾರ್, ಹೆಂಗೂ ನೀವೇನೂ ಹಿಡಿಯಲ್ಲ” ಅಂತ ಇಳಿಸಿದರು. ಆ ಮಾತು ಚುಚ್ಚಿತು, ದುಡ್ಡು ಉಳಿಯಿತು.

ದುಡ್ಡಿನ ವಿಷಯ ಬಂತಲ್ಲ, ಹೇಳಿಯೇ ಬಿಡುತ್ತೀನಿ. ಏಳನೇ ನಂಬರಿನ (ನಂಬರು ಹೆಚ್ಚಿದಷ್ಟೂ ರಾಡಿಗೆ ಬಲ ಜಾಸ್ತಿ) ಒಂಬತ್ತು ಅಡಿ ರಾಡು, ರೀಲು ಸೇರಿ ಹನ್ನೊಂದು ಸಾವಿರ ಚಿಲ್ಲರೆ. ಅದರ ಜೊತೆ ಬಂದ ಲೈನು ಎರಡೇ ತಿಂಗಳಿಗೆ ಒಣಗಿದ ಹುಣಸೆ ಬರಲಿನ ಹಾಗೆ ಸುರುಳಿ ಬಿಚ್ಚದೆ ಕೂತಿತು. ಬೇರೆ ಲೈನಿಗೆ ನಾಲ್ಕು ಸಾವಿರ. ರಾಡಿನ ತುದಿ ಕಾರಿನ ಬಾಗಿಲಿಗೆ ಸಿಕ್ಕಿ ಮುರಿಯಿತು, ಬಾಗಿಲು ಹಾಕಿದವನು ನಾನೇ. ಬರೀ ತುದಿ ಎಲ್ಲೂ ಸಿಗಲಿಲ್ಲ. ಹಳೇ ಸ್ಪಿನ್ನಿಂಗ್ ರಾಡಿನ ತುಂಡು ಕೂರಿಸಿ, ಅಂಟು ಹಾಕಿ, ದಾರ ಸುತ್ತಿದ್ದಾಯಿತು. ಮೂರು ಇಂಚು ಗಿಡ್ಡ, ಆದರೂ ಈಗಲೂ ಅದೇ ನಡೀತಿದೆ. ಹುಕ್ಕು, ಟಿಪ್ಪೆಟ್ಟು (ಲೈನಿನ ತುದಿಯಲ್ಲಿ ಫ್ಲೈ ಕಟ್ಟೋ ತೆಳು ದಾರ), ಪೆಟ್ರೋಲು, ಗುತ್ತಿಗೆ ಎಲ್ಲ ಸೇರಿ ಮೊದಲನೇ ಗೆಂಡೆ ಕೈಗೆ ಬರುವ ಹೊತ್ತಿಗೆ ಇಪ್ಪತ್ನಾಲ್ಕು ಸಾವಿರ ಕರಗಿತ್ತು. ಮನೆಯಲ್ಲಿ ಹದಿನಾಲ್ಕು ಅಂತ ಹೇಳಿದ್ದೆ. ನನ್ನ ಹೆಂಡತಿ ಅದನ್ನೇ ಹಿಡಿದು, “ಸಂತೇಲಿ ಗೆಂಡೆ ಕೆಜಿಗೆ ನೂರರವತ್ತು ಕಣ್ರೀ, ಕೊಯ್ದು ಬೇರೆ ಕೊಡ್ತಾರೆ” ಅಂದಳು.

ಮೊದಲ ಏಳೆಂಟು ತಿಂಗಳು ಮಾಡಿದ್ದೆಲ್ಲ ತಪ್ಪೇ. ಏರಿ ಮೇಲೆ ನಿಂತು ಬೀಸಿದರೆ ಹಿಂದೆ ಜಾಲಿ. ಒಂದೇ ಬೆಳಿಗ್ಗೆ ಒಂಬತ್ತು ಫ್ಲೈ ಜಾಲಿಗೆ ಕೊಟ್ಟ ದಾಖಲೆ ನನ್ನದು. ಲೈನನ್ನ ಹಿಂದಕ್ಕೆ ಹಾರಿಸದೆ ಮುಂದಕ್ಕೆ ಉರುಳಿಸೋ ರೋಲ್ ಕಾಸ್ಟ್ ಕಲಿತ ಮೇಲೆ ಆ ಕಾಟ ತಪ್ಪಿತು, ಆದರೆ ಮೀನು ಮಾತ್ರ ಇಲ್ಲ. ಕಪ್ಪು, ಹಸಿರು ಉದ್ದ ಬಾಲದ ಫ್ಲೈಗಳನ್ನ ದೂರಕ್ಕೆ ಎಸೆದು ಎಳೆಯೋದು, ಎಸೆದು ಎಳೆಯೋದು. ನಲವತ್ತು ಅಡಿ ಹೋದರೆ ಹಿಗ್ಗು, ಐವತ್ತು ಹೋದರೆ ಆ ದಿನ ಊಟ ರುಚಿ. ಜಿಲೇಬಿ ಬೀಳುತ್ತಿತ್ತು, ಒಮ್ಮೆ ಕುಚ್ಚು ಮೀನು ಬಂದು ಟಿಪ್ಪೆಟ್ ಕಡಿದುಕೊಂಡು ಹೋಯಿತು. ಗೆಂಡೆ ಸೊನ್ನೆ. ಒಂದು ಬಂತು, ಅದೂ ಬೆನ್ನಿನ ರೆಕ್ಕೆಗೆ ಹುಕ್ಕು ಸಿಕ್ಕಿಸಿಕೊಂಡು. ಅದನ್ನ ಲೆಕ್ಕಕ್ಕೆ ಹಿಡಿದಿಲ್ಲ. ಗುತ್ತಿಗೆಯವರ ಹುಡುಗ ಮಾತ್ರ ಊರೆಲ್ಲ ಹೇಳಿಕೊಂಡು ಬಂದ.

ದಾರಿ ಸಿಕ್ಕಿದ್ದು ರಾಡು ಮನೆಯಲ್ಲೇ ಮರೆತು ಬಂದ ದಿನ. ಜನವರಿ, ಬೆಳಿಗ್ಗೆ ಎಂಟಿರಬಹುದು, ಮಂಜು ಆಗಷ್ಟೇ ಎದ್ದಿತ್ತು. ತೂಬಿನ ಕಲ್ಲಿನ ಮೇಲೆ ಸುಮ್ಮನೆ ಕೂತೆ. ಕೆಳಗೆ ಮೊಣಕಾಲುದ್ದ ನೀರು, ಸೂರ್ಯ ಬೆನ್ನ ಹಿಂದೆ. ಎರಡು ಗೆಂಡೆ ತಲೆ ಕೆಳಗೆ ಮಾಡಿಕೊಂಡು ಹೂಳು ಕೆದಕುತ್ತಿದ್ದವು. ಬಾಯಿ ಕೊಳವೆ ಥರ ಮುಂದಕ್ಕೆ ಚಾಚುತ್ತೆ, ಮಣ್ಣು ಒಳಗೆ ಹೋಗುತ್ತೆ, ಕಿವಿರಿನಿಂದ ಹೊಗೆ ಹಾಗೆ ಹೊರಗೆ ಬರುತ್ತೆ. ಬೇಡದ್ದನ್ನ ಫೂ ಅಂತ ಉಗುಳುತ್ತೆ. ಒಂದು ಜೊಂಡಿನ ಚೂರು ಒಳಗೆ ಹೋಗಿದ್ದೂ ಕಂಡಿತು, ಹೊರಗೆ ಬಿದ್ದಿದ್ದೂ ಕಂಡಿತು. ನಡುವೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಇಲ್ಲ. ಎಂಟು ತಿಂಗಳಲ್ಲಿ ಎಷ್ಟು ಗೆಂಡೆ ನನ್ನ ಫ್ಲೈಯನ್ನ ಹೀಗೆ ಬಾಯಿಗೆ ಹಾಕಿ ಉಗುಳಿವೆಯೋ, ನಾನು ಕೈಗೆ ಜಗ್ಗು ಬರಲಿ ಅಂತ ಕಾಯುತ್ತಾ ನಿಂತಿದ್ದೆ! ಬೆಂಡು ಮುಳುಗೋದನ್ನ ನೋಡಿ ಬೆಳೆದ ಕಣ್ಣು, ಬೆಂಡಿಲ್ಲದಿದ್ದರೆ ಕುರುಡು.

ಅಲ್ಲಿಂದ ಮೇಲೆ ದೂರ ಎಸೆಯೋದು ಬಿಟ್ಟೆ. ಈಗ ನನ್ನ ಎಸೆತ ಹದಿನೈದರಿಂದ ಇಪ್ಪತ್ತೈದು ಅಡಿ. ಅರ್ಧ ಹೊತ್ತು ಎಸೆಯೋದೇ ಇಲ್ಲ, ಮಂಡಿಯೂರಿ ನೋಡುತ್ತಾ ಇರುತ್ತೀನಿ. ಕೆಸರು ಹೊಗೆ ಏಳಬೇಕು, ಸಣ್ಣ ಗುಳ್ಳೆ ಸಾಲಾಗಿ ಬರಬೇಕು, ಬಾಲ ಕಾಣಬೇಕು. ಸುಮ್ಮನೆ ತೇಲಿಕೊಂಡು ಬಿಸಿಲು ಕಾಯೋ ಗೆಂಡೆ ತಿನ್ನಲ್ಲ, ಅದಕ್ಕೆ ಕಾಲ ಕಳೆಯಬೇಡಿ. ಫ್ಲೈಯನ್ನ ಮೀನಿನಾಚೆ ಹಾಕಿ, ಮೇಲ್ಮೈಯಲ್ಲೇ ಎಳೆದು ತಂದು, ಮೂತಿಗೆ ಒಂದು ಗೇಣು ದೂರದಲ್ಲಿ ಮುಳುಗಲು ಬಿಡೋದು. ಮುಳುಗಿದ ಮೇಲೆ ಎಳೆಯಕೂಡದು. ಈ ಒಂದು ಮಾತು ಕಲಿಯೋಕೆ ನನಗೆ ಇಪ್ಪತ್ನಾಲ್ಕು ಸಾವಿರ. ಲೈನು ನೋಡಬೇಡಿ, ಮೀನನ್ನ ನೋಡಿ. ತಲೆ ಒಂಚೂರು ಪಕ್ಕಕ್ಕೆ ತಿರುಗುತ್ತೆ, ಬಾಲ ಒಮ್ಮೆ ಅದುರುತ್ತೆ, ನೀರು ತಿಳಿಯಿದ್ದರೆ ತುಟಿ ಬೆಳ್ಳಗೆ ಕಾಣುತ್ತೆ. ಆಗ ರಾಡು ಎತ್ತದೆ ಎಡಗೈಯಲ್ಲಿ ಲೈನನ್ನ ಒಂದೂವರೆ ಗೇಣು ಎಳೀಬೇಕು. ರಾಡು ಎತ್ತಿದರೆ ಫ್ಲೈ ಬಾಯಿಂದ ಹಾರಿ ಬರುತ್ತೆ, ಹಿಟ್ಟಿನ ಗಾಳದ ಅಭ್ಯಾಸ ಇದ್ದವರಿಗೆಲ್ಲ ಇದೇ ಆಗೋದು.

ಫ್ಲೈ ಕಟ್ಟೋದಕ್ಕೂ ಹೊರಗಿಂದ ತರಿಸೋ ಸಾಮಾನು ಬೇಡ, ಹುಕ್ಕು ಒಂದು ಬಿಟ್ಟು. ಫ್ಲೈಗೆ ಕಣ್ಣಿನ ಹಾಗೆ ಕಟ್ಟೋ ಮಣಿ ಭಾರ ಇರಬೇಕು, ಆಗ ಹುಕ್ಕಿನ ಮೊನೆ ಮೇಲಾಗಿ ಕೂರುತ್ತೆ, ಕಸಕ್ಕೆ ಸಿಕ್ಕಲ್ಲ. ಮೊದಲು ಕರಿಮಣಿ ಕಟ್ಟಿದೆ. ಮನೆಯಲ್ಲಿ ತಾಳಿ ಸರ ಮುಟ್ಟಿದರೆ ನೋಡಿ ಅಂತ ಎಚ್ಚರಿಕೆ ಬಂತು, ಅಂಗಡಿಯಿಂದ ತಂದೆ ಅಂದರೂ ನಂಬಲಿಲ್ಲ. ಆ ಮಣಿಯೋ ಹಗುರ, ಕಲ್ಲಿಗೆ ಬಡಿದರೆ ಚೂರು. ಈಗ ಕೀ ಚೈನಿನ ಗುಂಡು ಸರಪಳಿ ಇದೆಯಲ್ಲ, ಅದರಲ್ಲಿ ಎರಡೆರಡು ಗುಂಡು ಕತ್ತರಿಸಿ ಕಟ್ಟುತ್ತೀನಿ. ಹತ್ತು ರೂಪಾಯಿ ಸರಪಳಿಗೆ ಇಪ್ಪತ್ತು ಫ್ಲೈ ಆಗುತ್ತೆ. ಮೈಗೆ ಹಳೇ ಸ್ವೆಟರಿನ ಉಣ್ಣೆ, ಹೂಳಿನ ಬಣ್ಣ. ಕತ್ತಿಗೆ ನಾಟಿ ಹುಂಜದ ಮೆತ್ತನೆ ಪುಕ್ಕ, ಎರಡೇ ಸುತ್ತು, ನೀರಲ್ಲಿ ಉಸಿರಾಡೋ ಹಾಗೆ ಆಡಬೇಕು. ಪುಕ್ಕವನ್ನ ಶ್ಯಾಂಪೂ ಹಾಕಿ ತೊಳೆದು ಒಣಗಿಸಿ. ತೊಳೆಯದೆ ಡಬ್ಬಿಯಲ್ಲಿಟ್ಟು ಒಂದು ವಾರದ ಕೆಲಸವನ್ನ ಬೆಕ್ಕಿಗೆ ಕೊಟ್ಟಿದ್ದೀನಿ, ಪುಣ್ಯಕ್ಕೆ ಹುಕ್ಕಿಗೆ ಇನ್ನೂ ಕಟ್ಟಿರಲಿಲ್ಲ. ಉಣ್ಣೆಯೊಳಗೆ ಇನ್ನೊಂದು ವಸ್ತು ಸುತ್ತುತ್ತೀನಿ. ಅದನ್ನ ಇಲ್ಲಿ ಬರೆಯಲ್ಲ. ವಾಸನೆಯದ್ದಲ್ಲ ಅಂತ ಮಾತ್ರ ಆಣೆ ಮಾಡಿ ಹೇಳಬಲ್ಲೆ, ಹಿಟ್ಟಿನವರು ಏನೇ ಅನ್ನಲಿ.

ಹುಕ್ಕಿನಲ್ಲಿ ಮಾತ್ರ ಜುಗ್ಗತನ ಬೇಡ. ನೂರು ಹುಕ್ಕಿನ ಪ್ಯಾಕೆಟ್ಟು ನೂರೈವತ್ತಕ್ಕೆ ಸಿಗ್ತು ಅಂತ ತಂದಿದ್ದೆ. ಮೊದಲನೇ ನಿಜವಾದ ಗೆಂಡೆ, ಮೂರು ಕೆಜಿ ಮೇಲಿತ್ತು, ಲೈನು ಪೂರಾ ಎಳೆದು ಅದರಡಿ ರೀಲಿಗೆ ಸುತ್ತಿದ್ದ ಬ್ಯಾಕಿಂಗ್ ದಾರ ಕಾಣಿಸಿ, ರೀಲಿನ ಹಿಡಿ ನನ್ನ ಗೆಣ್ಣಿಗೆ ಬಡಿದು ಚರ್ಮ ಕಿತ್ತು, ಆಮೇಲೆ ಸಡಿಲ. ಎಳೆದು ನೋಡಿದರೆ ಹುಕ್ಕು ಸೂಜಿ ಥರ ನೆಟ್ಟಗಾಗಿತ್ತು. ಈಗ ಎಂಟನೇ ನಂಬರು (ಹುಕ್ಕಿನಲ್ಲಿ ನಂಬರು ಹೆಚ್ಚಿದಷ್ಟೂ ಸಣ್ಣದು), ದಪ್ಪ ತಂತಿಯದ್ದು, ಒಂದಕ್ಕೆ ಹನ್ನೆರಡು ಹದಿಮೂರು ರೂಪಾಯಿ ಬೀಳುತ್ತೆ. ಟಿಪ್ಪೆಟ್ಟಿಗೆ ಒಳ್ಳೇ ತಂಗೂಸೇ ಸಾಕು, ಎಂಟು ಪೌಂಡು ತಡೆಯೋದು.

ಜಿಲೇಬಿ ವಿಷಯಕ್ಕೆ ಹೆಚ್ಚು ಬರೆಯೋದಿಲ್ಲ. 1952ರಲ್ಲಿ ಹೊರಗಿಂದ ಬಂದ ಈ ಮೀನು ಕೆರೆ ಕೆರೆಯಲ್ಲೂ ಗಿಜಿಗುಡುತ್ತಿದೆ, ಫ್ಲೈ ಕಲಿಯೋರಿಗೆ ಇದಕ್ಕಿಂತ ಒಳ್ಳೇ ಮೇಷ್ಟ್ರಿಲ್ಲ. ಬೇಸಿಗೆಯಲ್ಲಿ ದಡದಂಚಿಗೆ ತಟ್ಟೆಯಗಲದ ಗುಂಡಿ ತೋಡಿ ಗಂಡು ಕಾವಲು ನಿಲ್ಲುತ್ತೆ. ಗುಂಡಿಗೆ ಹನ್ನೆರಡನೇ ನಂಬರ್ ಹುಕ್ಕಿನ ಯಾವ ಫ್ಲೈ ಬಿಟ್ಟರೂ ಕಸ ಎತ್ತಿ ಹಾಕೋ ಹಾಗೆ ಬಾಯಲ್ಲಿ ಎತ್ತುತ್ತೆ. ಐದನೇ ನಂಬರ್ ರಾಡಿದ್ದರೆ ಒಂದು ಗಂಟೆಗೆ ಇಪ್ಪತ್ತು ಕಷ್ಟವಲ್ಲ. ಅಂಗೈಯಗಲದ್ದನ್ನ ಖಾರ ಹಚ್ಚಿ ಹುರಿದರೆ ಗೆಂಡೆಗಿಂತ ವಾಸಿ. ಗೆಂಡೆಯಲ್ಲಿ ಮುಳ್ಳು ಜಾಸ್ತಿ, ಬೇಸಿಗೆಯಲ್ಲಿ ಕೆಸರು ನಾತ. ನಾನು ಮುಕ್ಕಾಲು ಪಾಲು ಗೆಂಡೆ ವಾಪಸ್ ಬಿಡೋದಕ್ಕೆ ಅದೂ ಒಂದು ಕಾರಣ. ಗುತ್ತಿಗೆಯವರಿಗೆ ಮಾತ್ರ ನಾನು ಧರ್ಮಾತ್ಮ.

ಪುರಿ ಪ್ರಯೋಗ ಹೇಳದಿದ್ದರೆ ಸಮಾಧಾನ ಇಲ್ಲ. ಕೆರೆ ದಡದಲ್ಲೊಂದು ದೇವಸ್ಥಾನ ಇದೆ, ಭಾನುವಾರ ಬಂದ ಮಕ್ಕಳು ಮೆಟ್ಟಿಲ ಮೇಲಿಂದ ಕಡ್ಲೆಪುರಿ ಎರಚುತ್ತಾರೆ. ಮೆಟ್ಟಿಲ ಹತ್ತಿರ ನಾನು ಗಾಳ ಹಾಕಲ್ಲ, ಯಾರೂ ಹಾಕಲ್ಲ. ಆದರೆ ಮಧ್ಯಾಹ್ನ ಗಾಳಿಗೆ ಪುರಿ ತೇಲಿಕೊಂಡು ಆಚೆ ಮೂಲೆ ಜೊಂಡಿಗೆ ಹೋಗಿ ನಿಲ್ಲುತ್ತೆ. ಅಲ್ಲಿ ಗೆಂಡೆ ಬಾಯಿ ಮೇಲೆ ಮಾಡಿ ಚಪ್ ಚಪ್ ಅಂತ ಹೀರುತ್ತಾ ಇರುತ್ತವೆ. ಥರ್ಮೋಕೋಲಿನಲ್ಲಿ ಪುರಿ ಮಾಡಿದೆ, ಎರಡನೇ ಎಸೆತಕ್ಕೆ ಉದುರಿತು. ಕಾರ್ಕು ತಲೆಕೆಳಗಾಗಿ ತೇಲಿತು. ಕೊನೆಗೆ ನಮ್ಮಮ್ಮನ ಹರಿದ ಹವಾಯಿ ಚಪ್ಪಲಿಯ ಬಿಳಿ ರಬ್ಬರು ಬ್ಲೇಡಿನಲ್ಲಿ ಕೊಯ್ದು, ಹತ್ತನೇ ನಂಬರ್ ಹುಕ್ಕಿಗೆ ಅಂಟಿಸಿ, ಅಂಚು ಬೆಂಕಿ ಕಡ್ಡಿಯಲ್ಲಿ ಸ್ವಲ್ಪ ಕಾಯಿಸಿದೆ. ಪುರಿ ಪಕ್ಕ ಇಟ್ಟರೆ ನನಗೇ ಗುರುತು ಸಿಗಲಿಲ್ಲ. ಆ ಮೂಲೆಯಲ್ಲಿ ಒಂದೇ ಸಂಜೆ ನಾಲ್ಕು ಗೆಂಡೆ. ಹಿಟ್ಟಿನ ಗಾಳದ ಇಬ್ಬರು ಅವತ್ತು ಪಕ್ಕದಲ್ಲೇ ಇದ್ದರು. ಮೂರನೆಯದಕ್ಕೆ ಅವರೇ ಬಂದು ಬಲೆ ಹಿಡಿದರು, ಮಾತಾಡಲಿಲ್ಲ. ಮುಂದಿನ ಭಾನುವಾರ ಒಬ್ಬರ ಜೇಬಿನಿಂದ ಚಪ್ಪಲಿ ತುಂಡು ಇಣುಕುತ್ತಿತ್ತು.

ಸೋತಿದ್ದೂ ಇದೆ. ಕಾಟ್ಲಾಗೆ ಎರಡು ಬೇಸಿಗೆ ಕಳೆದೆ. ಅದು ನೀರನ್ನೇ ಸೋಸಿ ತಿನ್ನೋ ಮೀನು, ಕಣ್ಣಿಗೆ ಕಾಣದ ಕ್ರಿಮಿಗೆ ಯಾವ ಹುಕ್ಕು ಕಟ್ಟೋದು? ಬಿಟ್ಟುಬಿಟ್ಟೆ. ಹುಲ್ಲುಗೆಂಡೆಗೆ ಹಸಿರು ಉಲ್ಲನ್ನಿನಲ್ಲಿ ಹುಲ್ಲು ಕಟ್ಟಿದೆ, ಮೂಸಿ ನೋಡಿ ಹೋದವು. ಆಲದ ಹಣ್ಣಿನ ಫ್ಲೈ ಮಾತ್ರ ಅರ್ಧ ಗೆದ್ದಿದೆ. ಕೋಡಿ ಹತ್ತಿರ ಆಲದ ಕೊಂಬೆ ನೀರಿನ ಮೇಲೆ ಬಾಗಿದೆ, ಹಣ್ಣು ಟಪ್ ಅಂತ ಬಿದ್ದರೆ ಎಲ್ಲಿದ್ದರೂ ಗೆಂಡೆ ತಿರುಗುತ್ತೆ. ಕೆಂಪು ಉಣ್ಣೆಯನ್ನ ಉಂಡೆ ಮಾಡಿ ಕಟ್ಟಿದ್ದಕ್ಕೆ ಬಂದವು, ಮೂರರಲ್ಲಿ ಒಂದು ಬಾಯಿ ಹಾಕಿತು. ಬಣ್ಣ ಸರಿಯಿದೆ, ಬೀಳೋ ಸದ್ದು ಸರಿ ಬರುತ್ತಿಲ್ಲ. ಉಣ್ಣೆ ಒದ್ದೆಯಾದರೆ ‘ಪಚ್’ ಅನ್ನುತ್ತೆ, ಬೇಕಾಗಿರೋದು ‘ಟಪ್’. ಈಗ ಒಳಗೆ ಹುಣಸೆ ಬೀಜ ಇಟ್ಟು ನೋಡುತ್ತಿದ್ದೀನಿ. ಮೊನ್ನೆ ಸ್ನಾನದ ಮನೆ ಬಕೆಟ್ಟಿಗೆ ಬೀಳಿಸಿ ಬೀಳಿಸಿ ಸದ್ದು ಕೇಳುತ್ತಿದ್ದಾಗ ಹೊರಗಿಂದ ಮಗಳು, “ಅಪ್ಪಾ, ನಲ್ಲಿ ಸೋರ್ತಾ ಇದೆಯಾ?” ಅಂತ ಕೂಗಿದಳು.