ಪರೀಕ್ಷೆಗೆ ಮುಂಚೆನೇ ಡಿಗ್ರಿ ಫೈಲ್: ದೇವದುರ್ಗ ತಾಲೂಕಲ್ಲಿ ನಾವು ಮಾಡಿದ್ದು

ಮೂರು ವರ್ಷದ ಹಿಂದೆ ನಮ್ಮ ಪಿಯು ಕಾಲೇಜಿನ ಸ್ಟಾಫ್ ರೂಮಲ್ಲಿ, ಸೆಕೆಂಡ್ ಪಿಯು ಪಾಸಾದ ಮಕ್ಕಳನ್ನ ನಾವೇ ನಿಂತು ಡಿಗ್ರಿಗೆ ಸೇರಿಸೋಣ ಅಂತ ಮಾತು ತೆಗೆದಾಗ "ನಡಿಯಂಗಿಲ್ರಿ ಸರ್, ಹುಡುಗ್ರು ಲಾಸ್ಟ್ ಪೇಪರ್ ಬರದ ರಾತ್ರಿನೇ ಬೆಂಗಳೂರು ಬಸ್ ಹತ್ತತಾರ" ಅಂದಿದ್ರು. ಹತ್ತೋದು ನಿಜಾನೇ. ಅಪ್ಪ ಅಮ್ಮ ಗುಳೆ ಹೋಗಿ ಬಿಲ್ಡಿಂಗ್ ಕೆಲಸದಲ್ಲಿ ಇರ್ತಾರೆ, ಮಕ್ಕಳು ಅಲ್ಲಿಗೇ ಹೋಗಿ ಇಟ್ಟಿಗೆ ಹೊರ್ತಾರೆ, ಏಪ್ರಿಲ್‌ನಲ್ಲಿ ರಿಸಲ್ಟ್ ಬಂದಾಗ ಊರಲ್ಲಿ ಅಜ್ಜಿ ಬಿಟ್ರೆ ಯಾರೂ ಇರಲ್ಲ. ಆದರೂ ಹೋದ ವರ್ಷ ನಮ್ಮಲ್ಲಿ ಪಾಸಾದ ನಲವತ್ತು ಚಿಲ್ಲರೆ ಮಕ್ಕಳಲ್ಲಿ 33 ಮಂದಿ ಡಿಗ್ರಿ ಸೇರಿದ್ರು, ಎರಡು ವರ್ಷ ಮೊದಲು ಅದು 14 ಇತ್ತೋ 15 ಇತ್ತೋ ಅಷ್ಟೇ. ಅದಕ್ಕೇ ಬರೀತಿದ್ದೀನಿ.

ಮೊದಲನೇ ವರ್ಷ, ಅಂದ್ರೆ 2022-23ರಲ್ಲಿ, ಎಲ್ಲರೂ ಮಾಡೋ ಹಂಗೆ ಒಂದು ಕ್ಯಾಂಪ್ ಮಾಡಿದ್ವಿ. ಶಾಮಿಯಾನ, ಫ್ಲೆಕ್ಸ್, ಮೂರು ಜನ ಅತಿಥಿಗಳು, ಶಾಲು ಹಾರ, ಮಕ್ಕಳಿಗೆ ಪಲಾವ್, ಒಟ್ಟು ಹದಿನೆಂಟು ಸಾವಿರ ಹೋಯ್ತು, ಅರ್ಧ ನಂದೇ. ಒಂದು ಡಿಗ್ರಿ ಕಾಲೇಜಿನ ಜೊತೆ ಒಪ್ಪಂದ ಅಂತ ಸಹಿ ಮಾಡಿ ಫೋಟೋನೂ ತೆಗೆಸಿಕೊಂಡ್ವಿ, ಜೂನ್‌ನಲ್ಲಿ ಫೋನ್ ಮಾಡಿದ್ರೆ ಅಲ್ಲಿ ಎತ್ತೋರೇ ಇಲ್ಲ. ಆ ಕ್ಯಾಂಪಿಂದ ಹೆಚ್ಚುವರಿ ಸೇರಿದ್ದು ಮೂರೇ ಮೂರು ಮಕ್ಕಳು.

ಆಮೇಲೆ ದೊಡ್ಡವರ ಹತ್ರ ಹೋಗೋದು ಬಿಟ್ಟೆ. ಈಗ ನನ್ನ ಪಾರ್ಟ್ನರ್‌ಗಳು ಅಂದ್ರೆ ನಮ್ಮ ಪೋಸ್ಟ್‌ಮ್ಯಾನ್, ಡಿಗ್ರಿ ಕಾಲೇಜಿನ ಅಡ್ಮಿಷನ್ ಕ್ಲರ್ಕ್, ರಾಯಚೂರಲ್ಲಿ ಒಬ್ಬ ಹಾಸ್ಟೆಲ್ ವಾರ್ಡನ್ ಮೇಡಂ, ನಾಡಕಚೇರಿ ಪಕ್ಕದ ಕಂಪ್ಯೂಟರ್ ಸೆಂಟರ್ ಹುಡುಗ. ಈ ನಾಲ್ಕು ಜನ ಎದ್ದು ಬಂದ್ರೆ ಕೆಲಸ ಆಗುತ್ತೆ.

ಅಡ್ಮಿಷನ್ನಿಗೆ, ಸ್ಕಾಲರ್‌ಶಿಪ್ಪಿಗೆ ಬೇಕಾದ ಕಾಗದಗಳ ಫೈಲ್ ಕೆಲಸ ಡಿಸೆಂಬರ್ ಒಳಗೆ ಮುಗೀಬೇಕು. ಕ್ಯಾಸ್ಟ್ ಇನ್ಕಮ್ ಸರ್ಟಿಫಿಕೇಟಿನ ಮೇಲಿರೋ ಆರ್‌ಡಿ ನಂಬರ್, ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಸರ್ಟಿಫಿಕೇಟ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಫೋಟೋ, ಎಲ್ಲ ಒಂದು ಪ್ಲಾಸ್ಟಿಕ್ ಫೈಲಲ್ಲಿ. ಆದ್ರೆ ತಲೆ ತಿಂದಿದ್ದು ಆಧಾರ್. ಹದಿನೈದು ವರ್ಷಕ್ಕೆ ಬೆರಳಚ್ಚು ಮತ್ತೆ ಕೊಡಬೇಕು, ಅರ್ಧ ಮಕ್ಕಳು ಕೊಟ್ಟೇ ಇರಲಿಲ್ಲ, ಮಷೀನ್ ಬೆರಳು ತಗೊಳ್ಳಲ್ಲ. ಒಬ್ಬ ಹುಡುಗಿಗೆ ಮಾರ್ಕ್ಸ್ ಕಾರ್ಡಲ್ಲಿ ಹೆಸರಿನ ಕೊನೆಗೆ "ಗೆಮ್ಮ", ಆಧಾರಲ್ಲಿ "ಗಮ್ಮ", ಆ ಒಂದು ಏತ್ವಕ್ಕೆ ಎಸ್‌ಎಸ್‌ಪಿ, ಅಂದ್ರೆ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ಲಿನ ಅರ್ಜಿ ಮುಂದಕ್ಕೇ ಹೋಗಲಿಲ್ಲ, ನಾಲ್ಕು ಸಲ ರಾಯಚೂರಿಗೆ ಓಡಾಡಿದ್ವಿ. ಇನ್ನೊಬ್ಬನ ಸ್ಕಾಲರ್‌ಶಿಪ್ ಅವನು ಸಣ್ಣವನಿದ್ದಾಗ ತೆಗೆಸಿದ್ದ ಯಾವುದೋ ಅಕೌಂಟಿಗೆ ಹೋಗಿ ಕೂತಿತ್ತು, ಯಾಕಂದ್ರೆ ಆಧಾರ್ ಸೀಡಿಂಗ್, ಅಂದ್ರೆ ಸರ್ಕಾರಿ ದುಡ್ಡು ಬೀಳೋಕೆ ಆಧಾರ್ ಜೋಡಿಸಿದ್ದು, ಅದಕ್ಕೇ ಆಗಿತ್ತು. ಈಗ ಎಲ್ಲರಿಗೂ ಪೋಸ್ಟಾಫೀಸಿನ ಪೇಮೆಂಟ್ಸ್ ಬ್ಯಾಂಕಲ್ಲಿ ಝೀರೋ ಬ್ಯಾಲೆನ್ಸ್ ಅಕೌಂಟ್ ಮಾಡಿಸಿ ಆ ಸೀಡಿಂಗ್ ಅದಕ್ಕೇ ಬದಲಾಯಿಸ್ತೀವಿ. ಪೋಸ್ಟ್‌ಮ್ಯಾನ್ ಕಾಲೇಜಿಗೇ ಬಂದು ಎರಡು ದಿನದಲ್ಲಿ ಮುಗಿಸಿ ಕೊಟ್ರು, ಆಧಾರಲ್ಲಿ ಮೊಬೈಲ್ ನಂಬರ್ ಅಪ್ಡೇಟಿಗೆ ಆಗ ತಲೆಗೆ ಐವತ್ತು ರೂಪಾಯಿ ಖರ್ಚಾಗಿತ್ತು.

ಅಪ್ಪಂದಿರ ಒಪ್ಪಿಗೆ ತಗೊಳ್ಳೋದು ಮೊಹರಂನಲ್ಲಿ. ನಮ್ಮ ಕಡೆ ಎಲ್ಲೇ ದುಡಿಯಲಿ, ಮೊಹರಂಗೆ ಊರಿಗೆ ಬಂದೇ ಬರ್ತಾರೆ. ಮೊಹರಂ ಬೆಂಕಿ ಹಾಕೋ ಅಲಾಯಿ ಕುಣಿ ಮುಂದೆ ಒಂದೇ ಸಂಜೆ ಹನ್ನೆರಡು ಜನ ಸಿಕ್ಕಿದ್ರು, ಮನೆಮನೆಗೆ ಹೋಗಿದ್ರೆ ತಿಂಗಳಾಗ್ತಿತ್ತು. ಮೇಸ್ತ್ರಿ ಹತ್ರ ಮುಂಗಡ ತಗೊಂಡಿರೋ ಮನೆ ಮಕ್ಕಳನ್ನ ಹೆಂಗೆ ಬಿಡಿಸ್ತೀವಿ ಅನ್ನೋದನ್ನ ಮಾತ್ರ ಇಲ್ಲಿ ಬರೆಯಲ್ಲ, ಬರೆದ್ರೆ ಮುಂದಿನ ವರ್ಷ ಆ ದಾರಿ ಮುಚ್ಚಿ ಹೋಗುತ್ತೆ.

ನಿಜವಾಗಿ ತಿರುವು ಕೊಟ್ಟಿದ್ದು ತಾಯಂದಿರು. ಮೊದಲು ಅಪ್ಪಂದಿರನ್ನ ಹಾಸ್ಟೆಲ್ ನೋಡೋಕೆ ಕರ್ಕೊಂಡು ಹೋಗಿದ್ದೆ, ಗೇಟಲ್ಲೇ ನಿಂತು ಚಾ ಕುಡಿದು ವಾಪಸ್ ಬಂದ್ರು. 2024ರ ಕಾರ್ತೀಕದಲ್ಲಿ ಎರಡು ಕ್ರೂಸರ್ ಮಾಡಿ, ಒಂದಕ್ಕೆ ಮೂರೂವರೆ ಸಾವಿರ, ಇಪ್ಪತ್ಮೂರು ತಾಯಂದಿರನ್ನ ಕರ್ಕೊಂಡು ಹೋದೆ. ಶಕ್ತಿ ಬಸ್ ಫ್ರೀ ಇದ್ದಾಗ ಗಾಡಿ ಯಾಕೆ ಅಂದ್ರು ಸ್ಟಾಫಲ್ಲಿ, ಆದ್ರೆ ಹತ್ತಿ ಬಿಡಿಸೋ ಸೀಸನ್, ಸಂಜೆ ಅಷ್ಟೊತ್ತಿಗೆ ಎಲ್ಲರೂ ಮನೆ ಮುಟ್ಟಬೇಕಿತ್ತು. ಒಬ್ಬ ತಾಯಿ ಬಾತ್‌ರೂಮಿಗೆ ಹೋಗಿ ಒಳಗಿಂದ ಚಿಲಕ ಹಾಕಿ ತೆಗೆದು, ಹಾಕಿ ತೆಗೆದು, ಮೂರು ಸಲ ನೋಡಿದ್ರು. ಮೂರನೇ ಬಾತ್‌ರೂಮಿನ ಚಿಲಕ ಸಡಿಲ ಇತ್ತು. "ಇದನ್ನ ಬಿಗಿ ಮಾಡಿಸ್ರಿ ಯವ್ವಾ, ನನ್ ಮಗಳ್ನ ಕಳಸ್ತೀನಿ" ಅಂದ್ರು ವಾರ್ಡನ್‌ಗೆ. ಮೇಡಂ ಅದೇ ವಾರ ಮಾಡಿಸಿದ್ರು. ಊಟಕ್ಕೆ ಕೂತಾಗ ಅಡುಗೆಯಮ್ಮ ಪಕ್ಕದ ಊರಿನವರು ಅಂತ ಗೊತ್ತಾಗಿ ಬೀಗತನ ಹುಡುಕೋಕೆ ಶುರು ಮಾಡಿದ್ರು. ಆ ಇಪ್ಪತ್ಮೂರರಲ್ಲಿ ಹತ್ತೊಂಬತ್ತು ಜನರ ಮಕ್ಕಳು ಇವತ್ತು ಡಿಗ್ರಿಯಲ್ಲಿದ್ದಾರೆ. ಈ ಲೆಕ್ಕ ಹೇಳೋವಾಗ ನನಗೆ ಎದೆ ಉಬ್ಬುತ್ತೆ, ಮುಚ್ಚಿಡಲ್ಲ.

ನಡುವೆ ಬೇರೆ ಪ್ರಯೋಗಗಳೂ ನಡೆದ್ವು. ಸೈನ್ಸ್ ಮಕ್ಕಳನ್ನ ರಾಯಚೂರು ಕೃಷಿ ವಿವಿಯ ಕೃಷಿ ಮೇಳಕ್ಕೆ ಕರ್ಕೊಂಡು ಹೋಗಿ ರೈತರ ಮಕ್ಕಳ ಕೋಟಾ ಬಗ್ಗೆ ಅಲ್ಲಿನ ಹುಡುಗ್ರಿಂದಲೇ ಹೇಳಿಸಿದೆ, ಇಬ್ಬರು ಬಿಎಸ್ಸಿ ಅಗ್ರಿ ಸೇರಿದ್ರು. ತಂದೆ ತಾಯಿಗೆ ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಕಳಿಸೋದು ಪೂರ್ತಿ ಫೇಲ್, ಫೋನೆಲ್ಲ ಅಣ್ಣ ತಮ್ಮಂದಿರ ಕೈಲಿ. ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ಪು, ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000, ಹತ್ತನೇ ಕ್ಲಾಸು ಪಿಯು ಎರಡೂ ಸರ್ಕಾರಿಯಲ್ಲಿ ಓದಿರಬೇಕು, ಫೈಲ್ ರೆಡಿ ಇದ್ದಿದ್ರಿಂದ ಹನ್ನೊಂದು ಅರ್ಜಿ ಒಂದೇ ಮಧ್ಯಾಹ್ನ ಹಾಕಿದ್ವಿ. ಹಾಸ್ಟೆಲ್ ಸೀಟ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಸರ್ಕಾರದ ವಿದ್ಯಾಸಿರಿ ದುಡ್ಡು, ಆಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡ್ತಿದ್ರು. ಅದು ಬರೋದು ತಡ, ಹಂಗಾಗಿ ಮೊದಲೆರಡು ತಿಂಗಳ ರೂಮ್ ಬಾಡಿಗೆ ನಾವೇ ಒಂದಿಷ್ಟು ಜನ ಸೇರಿ ಕೈಗಡ ಕೊಡ್ತೀವಿ. ಇಲ್ಲಿವರೆಗೆ ಒಬ್ಬರೂ ವಾಪಸ್ ಕೊಡದೆ ಉಳಿದಿಲ್ಲ.

ಇಡೀ ವರ್ಷದ ಖರ್ಚು ಹನ್ನೊಂದು ಸಾವಿರದ ಹತ್ರ, ಕ್ರೂಸರ್ ಸೇರಿಸಿ. ಕೈಗಡ ಬೇರೆ.

ಗಂಡುಹುಡುಗ್ರದ್ದು ಇನ್ನೂ ಹತೋಟಿಗೆ ಬಂದಿಲ್ಲ. ಸೇರದೇ ಉಳಿದವರಲ್ಲಿ ಏಳೆಂಟು ಜನ ಹುಡುಗ್ರೇ, ದಿನಕ್ಕೆ ಏಳ್ನೂರು ಕೂಲಿ ನೋಡಿದ ಕಣ್ಣಿಗೆ ಬಿಎ ಕಾಣಲ್ಲ. 2026ರ ಮೊಹರಂ ಜೂನ್ ಕೊನೆಗೆ ಬರುತ್ತೆ, ಅವರೂ ಊರಿಗೆ ಬರ್ತಾರೆ. ಆಗ ಈಗಾಗಲೇ ಡಿಗ್ರಿ ಓದ್ತಿರೋ ಅವರ ಓಣಿ ಹುಡುಗ್ರನ್ನೇ ಮಾತಾಡೋಕೆ ಬಿಡಬೇಕು ಅಂದ್ಕೊಂಡಿದ್ದೀನಿ, ಇಬ್ಬರು ಬರ್ತೀನಿ ಅಂತ ಒಪ್ಪಿದ್ದಾರೆ.