ಉಡುಗೊರೆ ಇಯರ್‌ಬಡ್ಸ್: ನಿರಾಕರಿಸಿದ ವಾರಂಟಿ ಸಿಕ್ಕಿದ್ದು ಹೀಗೆ

ಬಲಗಡೆಯ ಬಡ್ ಕೇಸ್‌ನಲ್ಲಿಟ್ಟರೂ ಚಾರ್ಜ್ ಆಗುತ್ತಿರಲಿಲ್ಲ. ಕ್ಲೇಮ್ ಹಾಕಿದರೆ ‘ವಾರಂಟಿ ಅವಧಿ ಮುಗಿದಿದೆ’ ಎಂಬ ಉತ್ತರ. ಉಡುಗೊರೆ ಕೈಗೆ ಬಂದು ವರ್ಷವೂ ಆಗಿರಲಿಲ್ಲ.

ರೀಸೆಟ್, ಫರ್ಮ್‌ವೇರ್ (ಬಡ್‌ನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್, ಚಾರ್ಜಿಂಗ್ ಪಿನ್ ಒರೆಸುವುದು ಯಾವುದೂ ಪ್ರಯೋಜನವಾಗಲಿಲ್ಲ. ಖರೀದಿಯ ಪುರಾವೆಯಾಗಿ ಡಬ್ಬದ ಫೋಟೊವನ್ನು ಕಂಪನಿಯವರು ಒಪ್ಪಲಿಲ್ಲ. ಕಾರ್ಡ್ ಸ್ಟೇಟ್‌ಮೆಂಟ್ ಕೂಡ ಸಾಲದು, ಅದರಲ್ಲಿ ಮೊತ್ತ ಇರುತ್ತದೆ, ಮಾಡೆಲ್ ಹೆಸರಿರುವುದಿಲ್ಲ. ಫೋನ್ ಕರೆಗಳಂತೂ ದಂಡ.

ಕೊನೆಗೆ ನಿರಾಕರಣೆಯ ಕಾರಣವನ್ನು ಇಮೇಲ್‌ನಲ್ಲಿ ಕೇಳಿದೆ. ಬಿಲ್ ಇಲ್ಲವೆಂದು ಸೀರಿಯಲ್ ನಂಬರ್ ನೋಡಿ, ತಯಾರಾದ ದಿನದಿಂದಲೇ ಅವಧಿ ಲೆಕ್ಕ ಹಾಕಿದ್ದರು. ಗಂಟು ಇದ್ದದ್ದೇ ಇಲ್ಲಿ.

ಉಡುಗೊರೆ ಕೊಟ್ಟವರ ಖಾತೆಯಿಂದ ಇನ್‌ವಾಯ್ಸ್‌ನ ಮೂಲ ಪಿಡಿಎಫ್ ತರಿಸಿಕೊಂಡೆ. ಬೆಲೆ ತೋರಿಸಲು ಅವರಿಗೆ ಮುಜುಗರವಿದ್ದರೆ ಅವರೇ ನೇರವಾಗಿ ಕಂಪನಿಗೆ ಕಳಿಸಬಹುದು. ತಿದ್ದಿದ ಬಿಲ್ ಮಾತ್ರ ಕಳಿಸಬೇಡಿ. ಕೇಸ್ ಮುಚ್ಚಳದ ಒಳಗಿನ ಸಣ್ಣಕ್ಷರದ ಸೀರಿಯಲ್ ನಂಬರ್ ಮತ್ತು ಡಬ್ಬದ ಸ್ಟಿಕ್ಕರ್ ಒಂದೇ ಫೋಟೊದಲ್ಲಿ ಬರುವಂತೆ ತೆಗೆದೆ. ವಾರಂಟಿ ಕಾರ್ಡ್‌ನ ‘ಖರೀದಿಯ ದಿನದಿಂದ’ ಎಂಬ ಸಾಲಿಗೆ ಗುರುತು ಹಾಕಿದೆ. ‘ಇವರಿಗೆ ಉಡುಗೊರೆಯಾಗಿ ಕೊಟ್ಟಿದ್ದೇನೆ’ ಎಂದು ಖರೀದಿಸಿದವರಿಂದ ಎರಡು ಸಾಲು ಬರೆಸಿಕೊಂಡೆ.

ಇವಿಷ್ಟನ್ನೂ ಹಳೆಯ ಕ್ಲೇಮ್‌ನ ಇಮೇಲ್‌ಗೇ ಉತ್ತರವಾಗಿ ಕಳಿಸಿ. ಹೊಸ ಕ್ಲೇಮ್ ತೆರೆದರೆ ಮತ್ತೆ ಮೊದಲಿನಿಂದ ಶುರು. ಮೊದಲು ‘ಖರೀದಿ ದಿನಾಂಕ ಸರಿಪಡಿಸಿ’ ಎಂದಷ್ಟೇ ಕೇಳಿ. ದಿನಾಂಕ ಬದಲಾದ ಮೇಲೆ ರಿಪೇರಿ ಕೋರಿಕೆ ತಕರಾರಿಲ್ಲದೆ ಪಾಸಾಯಿತು, ಬದಲಿ ಬಡ್ ಬಂತು.