ಚೆರೊಕೀ ಮೊಳೆ ಕೊರೆಸಿ ಪಾದ್ರಿ ಕಥೆ ಅಚ್ಚು ಹಾಕಿದೆ: ನನ್ನ ಅನುಭವ

"ಬ್ಲಾಕ್ ಮಾಡಿಸಿ ಒತ್ತಿಬಿಡು ಮಾರಾಯ, ಒಂದೊಂದೇ ಮೊಳೆ ಯಾಕೆ?" ಅಂತ ಟ್ರೆಡಲ್ (ಹಳೇ ಕಾಲದ ಅಚ್ಚಿನ ಯಂತ್ರ) ಗೆಳೆಯರೆಲ್ಲ ನಕ್ಕಿದ್ದರು. ಬ್ಲಾಕ್ ಅಂದರೆ ಇಡೀ ಬರಹಕ್ಕೆ ಒಂದೇ ಅಚ್ಚು, ಮೊಳೆ ಅಂದರೆ ಒಂದೊಂದು ಅಕ್ಷರಕ್ಕೂ ಬೇರೆ ಬೇರೆ ಅಚ್ಚು. ನಾನು ಕೊರೆಸಿದ್ದು ಅಮೆರಿಕದ ಮೂಲನಿವಾಸಿ ಚೆರೊಕೀ ಜನರ ಲಿಪಿಯ ಮೊಳೆ. ಈಗ 200 ಹಾಳೆ ಒಣಗಿ ಕಟ್ಟಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹಾಳೆಯಲ್ಲಿರುವುದು ಸ್ಯಾಮ್ಯುಯೆಲ್ ವೂಸ್ಟರ್ ಅವರ ಬದುಕು. 1825ರಲ್ಲಿ ಚೆರೊಕೀ ಜನರ ನಡುವೆ ನೆಲೆಸಲು ಹೋದ ಪಾದ್ರಿ. ಲಿಪಿ ಕಟ್ಟಿದ್ದು ಚೆರೊಕೀಯವನೇ ಆದ ಸೆಕ್ವೋಯಾ, ಪಾದ್ರಿ ಅಲ್ಲ. ಬಾಸ್ಟನ್‌ನಲ್ಲಿ ಆ ಲಿಪಿಗೆ ಮೊಳೆ ಎರಕ ಹೊಯ್ಯಿಸಿ ಜಾರ್ಜಿಯಾದ ನ್ಯೂ ಎಕೋಟಾಕ್ಕೆ ತರಿಸಲು ಓಡಾಡಿದವರು ವೂಸ್ಟರ್. ಮೊಳೆ ಬಂತು, ಪ್ರೆಸ್ ಬಂತು, ಕಾಗದವೇ ಇಲ್ಲ! ಟೆನೆಸ್ಸಿಯಿಂದ ಬಂಡಿಯಲ್ಲಿ ತಂದು, 1828ರ ಫೆಬ್ರವರಿ 21ಕ್ಕೆ 'ಚೆರೊಕೀ ಫೀನಿಕ್ಸ್' ಪತ್ರಿಕೆ ಹೊರಟಿತು. ಇಂಥವರ ಕಥೆಯನ್ನು ಬ್ಲಾಕಿನಲ್ಲಿ ಒತ್ತುವುದಾ?

ಹಾಳೆಯ ಮೇಲ್ಗಡೆ ಚೆರೊಕೀ ಜನ ವೂಸ್ಟರ್‌ಗಿಟ್ಟ ಹೆಸರು ಅವರ ಲಿಪಿಯಲ್ಲೇ ಬೇಕಿತ್ತು. ಅಟ್ಸೆನುಸ್ಟಿ, ಅಂದರೆ ಸುದ್ದಿ ತರುವವನು. ಆ ಲಿಪಿಯಲ್ಲಿ ಐದೇ ಅಕ್ಷರ. ನಾನು ಹುಚ್ಚು ಹತ್ತಿ 85 ಅಕ್ಷರವನ್ನೂ ಕೊರೆಸಿದೆ.

ಮೊದಲ ಸೆಟ್ಟು ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ಮಳೆಗಾಲದ ಥಂಡಿಗೆ ಉಬ್ಬಿ ಚೇಸಿಗೇ (ಮೊಳೆ ಬಿಗಿಯುವ ಚೌಕಟ್ಟು) ಕೂರಲಿಲ್ಲ, ಸುಮಾರು 4,000 ರೂಪಾಯಿ ನೀರುಪಾಲು. ಎರಡನೆಯದು ಆಲೆ ಮರ, ಚನ್ನಪಟ್ಟಣದ ಬೊಂಬೆ ಮಾಡುತ್ತಾರಲ್ಲ, ಅದೇ. ಚೆರೊಕೀಯಲ್ಲಿ 'ಅ' ನೋಡಲು ಥೇಟ್ ಇಂಗ್ಲಿಷಿನ ಡಿ. ಹಾಳೆಯಲ್ಲಿ ಸರಿಯಾಗಿ ಮೂಡಬೇಕಾದರೆ ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರಬೇಕು. ಲೇಸರ್ ಅಂಗಡಿ ಹುಡುಗ ತಿರುಗಿದ ಡಿ ನೋಡಿ, ಪಾಪ, ಸಾರ್ ತಪ್ಪು ಮಾಡಿದ್ದಾರೆ ಅಂತ ಇಂಗ್ಲಿಷಿನ ಹಾಗೆ ಕಂಡ ಎಲ್ಲವನ್ನೂ ನೆಟ್ಟಗೆ ಮಾಡಿ ಕೊರೆದಿದ್ದ! ಮತ್ತೆ 2,000. ಮೂರನೇ ಸಲ ಸರಿಹೋಯಿತು. ಕೊರೆಯುವ ಮೊದಲು ಮರಕ್ಕೆ ಒಂದು ಎಣ್ಣೆ ಕುಡಿಸುತ್ತೇನೆ. ಯಾವುದು ಅಂತ ಕೇಳಬೇಡಿ.

ನಡುವೆ ಸುಮ್ನೆ ಕನ್ನಡ ಒತ್ತಕ್ಷರವನ್ನೂ ಮರದಲ್ಲಿ ಕೊರೆಸಿ ನೋಡಿದೆ. ಹತ್ತು ಹಾಳೆಗೇ ಒತ್ತು ಮುರಿದು ಬಿತ್ತು. ಚೆರೊಕೀಯಲ್ಲಿ ಆ ತಲೆನೋವೇ ಇಲ್ಲ. ಬರಿಯ 'ಸ್'ಗೆ ಬೇರೆ ಅಕ್ಷರವಿದೆ, 'ಸ್ಟಿ' ಅಂದರೆ ಅಕ್ಕಪಕ್ಕ ಎರಡು ಮೊಳೆ, ಮುಗಿಯಿತು. ಹೊಟ್ಟೆಕಿಚ್ಚಾಗುತ್ತೆ ಅಲ್ವಾ?

ಆದರೆ ನಿಜವಾಗಿ ಕೈಕೊಟ್ಟಿದ್ದು, ಕಥೆ ಜೋಡಿಸಿದ ಕನ್ನಡದ ಸೀಸದ ಮೊಳೆ. ಕಥೆಯ ಈ ಭಾಗವನ್ನೇ ನೋಡಿ. ಪರವಾನಗಿ ಇಲ್ಲದೆ ಬಿಳಿಯರು ಚೆರೊಕೀ ನೆಲದಲ್ಲಿರಬಾರದು ಅಂತ ಜಾರ್ಜಿಯಾ ಕಾನೂನು ಮಾಡಿತು. ಚೆರೊಕೀ ಜನರನ್ನು ಒಕ್ಕಲೆಬ್ಬಿಸುವ ಹುನ್ನಾರ. ವೂಸ್ಟರ್ ಪರವಾನಗಿ ಕೇಳಲಿಲ್ಲ. 1831ರಲ್ಲಿ ನಾಲ್ಕು ವರ್ಷ ಕಠಿಣ ಸಜೆ. ಕ್ಷಮಾದಾನ ಒಪ್ಪಿ ಒಂಬತ್ತು ಜನ ಹೊರಬಂದರೂ ಇವರು ಮತ್ತು ಡಾಕ್ಟರ್ ಬಟ್ಲರ್ ಒಳಗೇ ಉಳಿದರು. 1832ರಲ್ಲಿ ಸುಪ್ರೀಂ ಕೋರ್ಟು ಇವರ ಪರ ತೀರ್ಪು ಕೊಟ್ಟರೂ ಬಿಡುಗಡೆ 1833ರ ಜನವರಿಯಲ್ಲೇ. ಜಾರ್ಜಿಯಾ, ಜನ, ಸಜೆ, ಜೈಲು, ಜನವರಿ! ಮೊಳೆ ಇಡುವ ನನ್ನ ಕೇಸಿನಲ್ಲಿ (ಖಾನೆಗಳ ಪೆಟ್ಟಿಗೆ) ಜಕಾರವೇ ಖಾಲಿ. ಜೈಲನ್ನು ಸೆರೆಮನೆ ಮಾಡಿ ಹೇಗೋ ಪಾರಾದೆ.

1835ರಲ್ಲಿ ಪಶ್ಚಿಮಕ್ಕೆ ಹೋದದ್ದು, ಈಗಿನ ಒಕ್ಲಹೋಮಾದ ಪಾರ್ಕ್ ಹಿಲ್‌ನಲ್ಲಿ ಮತ್ತೆ ಪ್ರೆಸ್ ಹೂಡಿ 1859ರಲ್ಲಿ ಸಾಯುವವರೆಗೂ ಪಂಚಾಂಗ, ಬೈಬಲ್ ಭಾಗ, ಹಾಡಿನ ಪುಸ್ತಕ ಅಚ್ಚು ಹಾಕಿಸಿದ್ದು, ಎಲ್ಲ ಹಿಂಬದಿಯಲ್ಲಿದೆ.

ಒಟ್ಟು 15-16 ಸಾವಿರ ಖರ್ಚು, ಹಾಳೆಗೆ ಹತ್ತಿರ ಹತ್ತಿರ 80 ರೂಪಾಯಿ. ನಕ್ಕವರಲ್ಲಿ ಇಬ್ಬರು ಈಗ ಸೆಟ್ಟು ಎರಡು ದಿನಕ್ಕೆ ಕೊಡು ಅಂತಿದ್ದಾರೆ. ಮಳೆಗಾಲ ಮುಗಿಯಲಿ ಅಂದಿದ್ದೇನೆ.